ಮರಳಿ ಬಂದ ಕಾವಲು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿ ಕಾಡಿಗೆ ತಾಗಿದ ಗದ್ದೆಗಳು ಬಹಳ. ಭತ್ತ ತೆನೆಗಟ್ಟುವ ಕಾಲಕ್ಕೆ ದಾಂಡೇಲಿಯ ಕಡೆಯಿಂದ ಆನೆಗಳು ಬರುತ್ತವೆ. ಆಗ ರೈತರು ಮಾಳದ ಮೇಲೆ ಕುಳಿತು ರಾತ್ರಿಯೆಲ್ಲ ಬೆಳೆ ಕಾಯುತ್ತಾರೆ. ಮಾಳದಲ್ಲಿರುವವನು ತಾನೊಬ್ಬನೇ ಆನೆಯನ್ನು ಓಡಿಸಲಾರನು. ಅವನ ಕೂಗು ಕೇಳಿ ಊರವರು ದೊಂದಿ, ಡಬ್ಬಗಳೊಡನೆ ಓಡಿಬರಬೇಕು. ಕೂಗುವವನೇ ಇಲ್ಲವಾದರೆ ಊರು ಮಲಗಿರುವಾಗಲೇ ಗದ್ದೆ ಬರಿದಾಗುತ್ತದೆ.

ಮನುಷ್ಯನ ರಕ್ತದಲ್ಲಿಯೂ ಇಂತಹ ಕಾವಲುಗಾರರುಂಟು. ಅವು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯವು. ವೈದ್ಯರು ಅವನ್ನು ಸಿ.ಡಿ.4 ಕಣಗಳೆನ್ನುತ್ತಾರೆ. ರೋಗಾಣು ಒಳಹೊಕ್ಕುದನ್ನು ಅರಿತು ಉಳಿದ ಕಣಗಳನ್ನು ಹೋರಾಟಕ್ಕೆ ಎಬ್ಬಿಸುವುದು ಅವುಗಳ ಕೆಲಸ. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು ಸಾಮಾನ್ಯವಾಗಿ 500ಕ್ಕೆ ಕಡಮೆಯಿರುವುದಿಲ್ಲ. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ ಎಚ್.ಐ.ವಿ. ಎಂಬ ವೈರಸ್ಸು ಮುಖ್ಯವಾಗಿ ಈ ಕಣಗಳನ್ನೇ ಹೊಕ್ಕು, ಅಲ್ಲಿಯೇ ತನ್ನ ಸಂತತಿಯನ್ನು ಬೆಳೆಸುತ್ತದೆ. ಇದಕ್ಕಿಂತ ಕುಟಿಲನಾದ ಶತ್ರು ಇನ್ನಾರಿದ್ದಾರು! ಎಣಿಕೆ 200ಕ್ಕಿಂತ ಕೆಳಗಿಳಿದಾಗ ಕ್ಷಯ, ನ್ಯುಮೋನಿಯಾ ಮೊದಲಾದವು ತಡೆಯಿಲ್ಲದೆ ನುಗ್ಗುತ್ತವೆ. ಆ ಅವಸ್ಥೆಯೇ ಏಡ್ಸ್.

1996ರ ಸುಮಾರಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಳಕೆಗೆ ಬಂದಿತು. ಅದನ್ನು ಎ.ಆರ್.ಟಿ. ಎನ್ನುವರು. ಈ ಔಷಧಗಳು ಹೊಸ ಕಣಗಳನ್ನು ಹುಟ್ಟಿಸುವುದಿಲ್ಲ. ವೈರಸ್ಸು ವೃದ್ಧಿಯಾಗದಂತೆ ತಡೆಯುತ್ತವೆ, ಅಷ್ಟೆ. ಹಾವಳಿ ನಿಂತೊಡನೆ ಶರೀರವು ತಾನೇ ತನ್ನ ಕಾವಲನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಕಣಗಳ ಸಂಖ್ಯೆ ಬೇಗನೆ ಏರುತ್ತದೆ. ಆಮೇಲೆ ವರ್ಷಗಟ್ಟಲೆ ಮೆಲ್ಲಮೆಲ್ಲನೆ. ತಡವಾಗಿ ಚಿಕಿತ್ಸೆಗೆ ಬಂದವರಲ್ಲಿ ಅದು ಪೂರ್ತಿ ಮೊದಲಿನಂತಾಗದಿರುವುದೂ ಉಂಟು.

ಇಲ್ಲೊಂದು ವಿಚಿತ್ರವಿದೆ. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಕೆಲವರಿಗೆ ಜ್ವರ ಬರುತ್ತದೆ, ಗಂಟುಗಳು ಊದಿಕೊಳ್ಳುತ್ತವೆ. ಔಷಧವೇ ವಿಷವಾಯಿತೆಂದು ರೋಗಿ ಹೆದರುತ್ತಾನೆ. ಅನೇಕ ವೇಳೆ ನಡೆದಿರುವುದು ಬೇರೆ: ಒಳಗೆ ಅಡಗಿದ್ದ ಕ್ಷಯದ ರೋಗಾಣುವನ್ನು ಎಚ್ಚೆತ್ತ ಕಾವಲು ಈಗ ಕಂಡು ಕೂಗೆಬ್ಬಿಸಿರುತ್ತದೆ. ಇದು ಕೆಲವೊಮ್ಮೆ ಅಪಾಯಕಾರಿಯೂ ಆಗಬಹುದಾದುದರಿಂದ, ಗುಳಿಗೆಯನ್ನು ತಾನೇ ನಿಲ್ಲಿಸದೆ ವೈದ್ಯರ ಬಳಿಗೆ ಹೋಗಬೇಕು.

ಗದ್ದೆಯ ಮಣ್ಣಿನಲ್ಲಿ ಕಳೆಯ ಬೀಜ ಉಳಿಯುವಂತೆ, ವೈರಸ್ಸು ಕೆಲವು ಕಣಗಳಲ್ಲಿ ನಿದ್ರಿಸುತ್ತ ಉಳಿಯುತ್ತದೆ. ಅಲ್ಲಿಗೆ ಔಷಧದ ಕೈ ನಿಲುಕದು. ಗುಳಿಗೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಮೊಳೆಯುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಜಗ್ಗದ ತಳಿಯೇ ಹುಟ್ಟೀತು. ಪ್ರತಿದಿನ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗಿ ಹಾಗೆಯೇ ಉಳಿದರೆ, ದಾಂಪತ್ಯದ ಸಂಗಾತಿಗೆ ಸೋಂಕು ದಾಟುವುದಿಲ್ಲ.

ಭಾರತ ಸರಕಾರವು 2004ರ ಏಪ್ರಿಲ್ 1ರಿಂದ ಈ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದ ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ತಿಳಿದೊಡನೆ ಚಿಕಿತ್ಸೆ ದೊರೆಯುತ್ತದೆ. ಮುಂಡಗೋಡದವರು ಬಸ್ಸು ಹತ್ತಿ ಹೋಗಬಹುದಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಇದರ ಕೇಂದ್ರವಿದೆ. ಹೀಗಿದ್ದೂ ಗುಳಿಗೆ ತಪ್ಪುವುದೇಕೆ? ಮೈ ಸರಿಹೋಯಿತೆಂಬ ಭ್ರಮೆ ಒಂದು ಕಾರಣ; ಅದಕ್ಕಿಂತ ದೊಡ್ಡದು ನೆರೆಹೊರೆಯವರ ಕಣ್ಣು. ಗುಳಿಗೆಯ ಡಬ್ಬಿಯನ್ನು ಅಕ್ಕಿಯೊಳಗೆ ಹುಗಿದಿಟ್ಟವಳು, ಮನೆಯಲ್ಲಿ ನೆಂಟರು ತುಂಬಿದ ದಿನ ಅದನ್ನು ತೆಗೆಯುವುದೆಂತು? ಸೋಂಕಿತರನ್ನು ಕೆಲಸದಿಂದ, ಶಾಲೆಯಿಂದ ದೂಡುವುದನ್ನು 2017ರ ಕಾನೂನು ನಿಷೇಧಿಸಿದೆ. ಆದರೆ ಜಗುಲಿಯ ಮೇಲಿನ ಪಿಸುಮಾತಿಗೆ ಯಾವ ಕಾನೂನಿದೆ?