ಮುರಿದ ಕಾಲಿನ ಬೆಲೆ

ನನ್ನ ಬಲಗಾಲಿಗೂ ಒಂದು ಬೆಲೆಯುಂಟು ಎಂಬುದು ನಲವತ್ತಮೂರು ವರ್ಷಗಳ ಕಾಲ ನನಗೆ ತಿಳಿದಿರಲಿಲ್ಲ. ಅದು ಮುರಿದ ಮೇಲೆ ತಿಳಿಯಿತು. ನೆಂಟರ ಮದುವೆಗೆಂದು ಔರಾದಿಗೆ ಹೋಗಿದ್ದೆ. ಎರಡನೆಯ ಸಲ ಹೋಳಿಗೆ ಬಡಿಸುವವರೆಗೆ ಕುಳಿತು ಬಸ್ಸು ತಪ್ಪಿಸಿಕೊಂಡೆ. ಬೀದರಿಗೆ ಹೊರಟಿದ್ದ ಬಾಡಿಗೆ ಜೀಪೊಂದರಲ್ಲಿ ಹನ್ನೊಂದನೆಯವನಾಗಿ ನುಸುಳಿದೆ. ಮಾಂಜ್ರಾ ನದಿ ಇನ್ನೂ ಮುಂದಿತ್ತು. ಎದುರಿನಿಂದ ಬಂದ ಲಾರಿ ತನ್ನ ಪಾಲಿನ ದಾರಿಯ ಜೊತೆಗೆ ನಮ್ಮ ಪಾಲನ್ನೂ ತೆಗೆದುಕೊಂಡಿತು.

ಪುಸ್ತಕದ ಕನ್ನಡದಲ್ಲಿ ಅದು ಮೂಳೆ, ನಮ್ಮ ಸೀಮೆಯಲ್ಲಿ ಎಲುಬು. ಯಾವ ಹೆಸರಿನಿಂದ ಕರೆದರೂ ನೋವು ಒಂದೇ ಎಂಬುದು ಭಾಷಾಶಾಸ್ತ್ರಕ್ಕೆ ನಾನು ಸಲ್ಲಿಸಿರುವ ಏಕೈಕ ಕಾಣಿಕೆ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಬೀದರಿನ ಒಂದು ಆಸ್ಪತ್ರೆಯಲ್ಲಿ ಲೋಹದ ಸರಳು ಕೂರಿಸಿದರು. ಪಕ್ಕದ ಹಾಸಿಗೆಯಲ್ಲಿದ್ದವನು ಅದೇ ಜೀಪಿನ ಇನ್ನೊಬ್ಬ ಪ್ರಯಾಣಿಕ. ಔರಾದ್ ತಾಲ್ಲೂಕಿನ ಹಳ್ಳಿಯವನು, ಪೇಟೆಯಲ್ಲಿ ತೊಗರಿಯ ಚೀಲ ಹೊರುವ ಹಮಾಲ. ಅವನದೂ ಬಲಗಾಲು, ಅದೇ ಎಲುಬು, ಹೆಚ್ಚು ಕಡಿಮೆ ಅದೇ ಜಾಗ. ವಯಸ್ಸೂ ನನ್ನದೇ. ಒಂದು ದಿನ ನಮ್ಮಿಬ್ಬರ ಎಕ್ಸ್‌ರೇ ಚಿತ್ರಗಳು ಅದಲುಬದಲಾದವು. ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಪರಿಹಾರ ಕೇಳುವ ಮಾತು ಬಂದಾಗ ಮನೆಯಲ್ಲಿ ವಿರೋಧವೇ ಹೆಚ್ಚು. ಜೀವ ಉಳಿಯಿತಲ್ಲ, ಸಾಲದೆ, ಎಂದಳು ನನ್ನಾಕೆ. ನೋಡಲು ಬಂದ ಹಿರಿಯ ಮಿತ್ರರೊಬ್ಬರು ಮಹಮೂದ್ ಗವಾನರ ಮದರಸೆಯನ್ನು ಸಾಕ್ಷಿಗೆ ಕರೆದರು: 1472ರಲ್ಲಿ ಕಟ್ಟಿದ್ದು, ಹದಿನೇಳನೆಯ ಶತಮಾನದ ಕೊನೆಗೆ ಸ್ಫೋಟದಲ್ಲಿ ಒಂದು ಮಿನಾರನ್ನು ಕಳೆದುಕೊಂಡಿತು, ಉಳಿದ ಒಂದರಲ್ಲೇ ನಿಂತಿಲ್ಲವೆ? ಮದರಸೆಗೆ ಮನೆಯ ಸಾಲವಿಲ್ಲ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ನಾನು ದಿನವೂ ಬೀದರಿನಿಂದ ಭಾಲ್ಕಿಗೆ ಹೋಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಕೀಲ, ಅರ್ಜಿ, ತಾರೀಖು, ಜಾಮೀನು, ಕಚೇರಿ ಎಂದು ಅನ್ಯದೇಶ್ಯ ಶಬ್ದಗಳ ಪಟ್ಟಿಯನ್ನು ವರ್ಷವರ್ಷವೂ ಹುಡುಗರಿಗೆ ಬರೆಸಿದ್ದೇನೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಅವು ಅನ್ಯವೂ ಅಲ್ಲ. ಆ ಪಟ್ಟಿಯೊಳಗೇ ಒಂದೂವರೆ ವರ್ಷ ವಾಸ ಮಾಡಬೇಕಾದೀತೆಂದು ಮಾತ್ರ ಊಹಿಸಿರಲಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಂತೆ ಗಾಯಗೊಂಡವನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಇಟ್ಟಿತು. ಹಮಾಲನಿಗೆ ಇದು ಗೊತ್ತಿರಲಿಲ್ಲ; ಮೊದಲು ಎಲುಬು ಕೂಡಲಿ, ಕೋರ್ಟು ಆಮೇಲೆ ಎಂದಿದ್ದ. ಐದನೆಯ ತಿಂಗಳಲ್ಲಿ ನಾನೇ ಅವನನ್ನು ವಕೀಲರ ಬಳಿಗೆ ಕಳುಹಿಸಿದೆ.

ಇನ್ನು ಲೆಕ್ಕ. ವೈದ್ಯರು ಕಾಲಿಗೆ ಶೇಕಡಾ ಇಷ್ಟು ಊನವೆಂದು ಹೇಳಿ, ಇಡೀ ದೇಹಕ್ಕೆ ಎಷ್ಟೆಂದು ಇಳಿಸಿ ಬರೆಯುತ್ತಾರೆ. ವರ್ಷದ ಗಳಿಕೆಯನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಸುಪ್ರೀಂ ಕೋರ್ಟು 2009ರಲ್ಲಿ ನಿಗದಿ ಮಾಡಿದ ಕೋಷ್ಟಕದಲ್ಲಿ 41ರಿಂದ 45 ವರ್ಷದವರಿಗೆ ಅದು 14. ತಿಂಗಳಿಗೆ 12,000 ರೂಪಾಯಿ ದುಡಿಯುವವನ ನಷ್ಟ ಶೇಕಡಾ 10 ಎಂದರೆ 2,01,600. ಶೇಕಡಾ 30 ಎಂದರೆ 6,04,800. ಮಗಳ ಮದುವೆಯೊಂದು ಈ ಎರಡು ಅಂಕಿಗಳ ನಡುವೆ ನಿಂತಿರುತ್ತದೆ. ಆದರೆ ಕಾನೂನು ಬರಿಯ ಗಣಿತವಲ್ಲ. ಎಡಗೈ ಹೋದರೆ ಬಡಗಿಯ ದುಡಿಮೆಯೆಲ್ಲ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿದೀತು. ಅಂಗದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಅದೇ ನ್ಯಾಯಾಲಯ 2010ರಲ್ಲಿ ವಿವರಿಸಿತು. ಹಾಗಾದರೆ ನನ್ನ ಕಾಲಿಗಿಂತ ಹಮಾಲನ ಕಾಲು ಬೆಲೆಯುಳ್ಳದ್ದು. ನಾನು ಕುಳಿತೇ ವ್ಯಾಕರಣ ಹೇಳಬಲ್ಲೆ. ಅವನು ಕುಳಿತು ಚೀಲ ಹೊರಲಾರ.

ತೊಡಕು ಎಲ್ಲಿ ಎಂದರೆ, ನನ್ನ ಅಗ್ಗದ ಕಾಲಿಗೆ ಕಾಗದಗಳಿದ್ದವು: ಸಂಬಳದ ಚೀಟಿ, ರಜೆಯ ಆದೇಶ. ಅವನ ಕಾಲಿಗೆ ಬರಿಯ ಬಾಯಿಮಾತು. ಕರ್ನಾಟಕದ್ದೇ ಒಬ್ಬ ಕೂಲಿಯ ಪ್ರಕರಣದಲ್ಲಿ, ಇಂಥವನಿಂದ ದಾಖಲೆ ನಿರೀಕ್ಷಿಸಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿ, ಅವನು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂದ ಮಾತನ್ನು ನಂಬಿತು. ಆದರೂ ಒಬ್ಬ ಸಾಕ್ಷಿ ಇದ್ದರೆ ಒಳ್ಳೆಯದೆಂದು ವಕೀಲರು ಪೇಟೆಯ ಸಾಹುಕಾರರನ್ನು ಕರೆಸಲು ಹೇಳಿದರು.

ನಮ್ಮಿಬ್ಬರ ಸಾಕ್ಷ್ಯವೂ ಒಂದೇ ತಾರೀಖಿಗೆ ಬಿತ್ತು. ಹಿಂದಿನ ರಾತ್ರಿ ನನ್ನ ವಕೀಲರು, 'ಕೋಲು ಮರೆಯಬೇಡಿ' ಎಂದರು. ನಾನು ಕೋಲು ಬಿಟ್ಟು ಎರಡು ತಿಂಗಳಾಗಿತ್ತು. ಬಾಗಿಲ ಹಿಂದಿನಿಂದ ಹುಡುಕಿ ಒರೆಸಿ ತೆಗೆದುಕೊಂಡು ಹೋದೆ. ಕೋರ್ಟಿನ ಜಗಲಿಯಲ್ಲಿ ಹಮಾಲ ನಿಂತಿದ್ದ, ಬರಿಗೈಯಲ್ಲಿ, ನೆಟ್ಟಗೆ. ನೋವಿಗೆ ಹಣೆ ಬೆವರುತ್ತಿತ್ತು. ನಿನ್ನ ಕೋಲೆಲ್ಲಿ ಎಂದೆ. ಅವನು ಕಣ್ಣಿನಿಂದಲೇ ಸಾಹುಕಾರರನ್ನು ತೋರಿಸಿ ಮೆಲ್ಲಗೆ, 'ಕುಂಟೂದು ಕಂಡ್ರ ನಾಳಿಗಿ ಕೆಲಸಕ್ಕ ಕರಿಯಾಂಗಿಲ್ರಿ' ಎಂದ. ಸಾಕ್ಷಿಯ ಮುಂದೆ ಕುಂಟಬಾರದು, ನ್ಯಾಯಾಧೀಶರ ಮುಂದೆ ಕುಂಟದಿದ್ದರೆ ನಷ್ಟ. ಇಬ್ಬರೂ ಒಂದೇ ಕೋಣೆಯಲ್ಲಿ. ವಿಮೆಯ ಪರ ವಕೀಲರು, ನೀನು ಕೋಲಿಲ್ಲದೆಯೇ ನಡೆದು ಬಂದೆಯಲ್ಲವೆ ಎಂದು ಕೇಳಿದಾಗ 'ಹೌದ್ರಿ' ಎಂದ. ಅದನ್ನು ಬರೆದುಕೊಂಡರು.

ನನ್ನ ಸರದಿ ಬಂದಾಗ ನನಗೂ ಅದೇ ಪ್ರಶ್ನೆ. ಮೆಟ್ಟಿಲು ಏರುವುದು ಕಷ್ಟ, ಚಕ್ಕಳಮಕ್ಕಳ ಹಾಕಿ ಕೂರಲಾರೆ, ಕೋಲಿಲ್ಲದೆ ನಡೆಯಬಲ್ಲೆ ಎಂದೆ. ನನ್ನ ವಕೀಲರು ಆ ದಿನ ಮತ್ತೆ ನನ್ನೊಡನೆ ಮಾತಾಡಲಿಲ್ಲ. ಇದನ್ನು ಸತ್ಯಸಂಧತೆ ಎಂದು ವಾಚಕರು ಭಾವಿಸಬಾರದು. ಅವನು ಎದುರಿಗೇ ನಿಂತಿದ್ದ.

ಹೊರಗೆ ಬಂದೆವು. ಸಾಹುಕಾರರ ಮೋಟಾರ್ ಸೈಕಲ್ಲು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಹಮಾಲ ಕಂಬದ ಹಾಗೆ ನಿಂತಿದ್ದು, ಆಮೇಲೆ ನನ್ನ ಕಡೆಗೆ ಕೈ ಚಾಚಿದ.

'ಮಾಸ್ತರ್ರೇ, ಆ ಬಡಗಿ ಕೊಡ್ರಿ. ಬಸ್ ಸ್ಟ್ಯಾಂಡಿನ ತನಕ.'

ಔರಾದಿನ ಬಸ್ಸಿಗೆ ಇನ್ನೂ ಸಮಯವಿತ್ತು. ನಾವು ನಿಧಾನವಾಗಿ ನಡೆದೆವು.