ಊರ ಕಡೆ ರೋಡಿಗೊಂದು ಪ್ಲಾಟ್

ಕಲಬುರಗಿಯವರನ್ನು ನಿಮ್ಮ ಮನೆ ಎಲ್ಲಿ ಎಂದು ಕೇಳಿ ನೋಡಿ. ಉತ್ತರದಲ್ಲಿ ಕಲಬುರಗಿ ಇರುವುದಿಲ್ಲ. ‘ಆಳಂದ ರೋಡಿಗಿ ಅದರಿ’, ‘ಜೇವರ್ಗಿ ರೋಡಿಗರಿ, ರಾಮ ಮಂದಿರ ದಾಟಿ’, ‘ನಮ್ದು ಅಫಜಲಪುರ ರೋಡು’. ಪರವೂರಿನವರು ಗಾಬರಿಯಾಗುತ್ತಾರೆ. ಆಳಂದ, ಜೇವರ್ಗಿ ಎರಡೂ 40 ಕಿಲೋಮೀಟರಿನ ಆಸುಪಾಸು. ಅಫಜಲಪುರ ಇನ್ನೂ ದೂರ, 60ರ ಮೇಲೆ. ಅಷ್ಟು ದೂರ ಊಟಕ್ಕೆ ಕರೆಯುತ್ತಾರಲ್ಲ ಎಂದು ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ನಮ್ಮಲ್ಲಿ ದಿಕ್ಕುಗಳಿಗೆ ಬೇರೆ ಹೆಸರೇ ಇಲ್ಲ. ದಕ್ಷಿಣ ಎಂದು ಯಾರೂ ಅನ್ನುವುದಿಲ್ಲ, ಜೇವರ್ಗಿ ಕಡೆ ಎನ್ನುತ್ತಾರೆ. ಪೂರ್ವ ಎಂದರೆ ಸೇಡಂ. ಸೂರ್ಯ ಮುಳುಗುವುದು ಅಫಜಲಪುರದ ಕಡೆಗೆ.

ನಮ್ಮಪ್ಪ ಪ್ಲಾಟ್ ಹುಡುಕಲು ಹೊರಟಾಗ ಅವರಿಗೆ ಇದ್ದದ್ದು ಒಂದೇ ಶರತ್ತು: ಊರಿನ ಬಸ್ಸು ಮನೆ ಹತ್ತಿರ ನಿಲ್ಲಬೇಕು. ನೀರು, ಗಟಾರ, ಸಾಲಿ, ಪ್ಯಾಟಿ ಎಲ್ಲ ಆಮೇಲಿನ ಮಾತು. ಸೇಡಂ ರೋಡಿಗೆ ಒಳ್ಳೆಯ ಪ್ಲಾಟ್ ಇತ್ತು, ವಿಶ್ವವಿದ್ಯಾಲಯದ ಕಡೆ, ದರವೂ ಕೈಗೆ ಎಟಕುವಂಥದ್ದು. ಅಪ್ಪ ಒಂದು ಸಲ ನೋಡಿ ಬಂದು, ‘ಅದು ನಮ್ಮ ರೋಡಲ್ಲ’ ಎಂದುಬಿಟ್ಟರು. ನಮ್ಮದು ಅಫಜಲಪುರ ತಾಲೂಕು. ಬಸ್ಸಿನ ಮೇಲೆ ಜೋಳದ ಚೀಲ ಬರುತ್ತದೆ, ತೊಗರಿ ಬರುತ್ತದೆ, ಡ್ರೈವರನ ಹಿಂದಿನ ಸೀಟಿನಲ್ಲಿ ಆಯಿ ಬರುತ್ತಾಳೆ. ಬಸ್‌ಸ್ಟ್ಯಾಂಡಿನ ತನಕ ಹೋಗಿ ಮತ್ತೆ ಆಟೋ ಮಾಡಿಕೊಂಡು ಹಿಂದಕ್ಕೆ ಬಂದರೆ ಜೋಳದ ರೊಕ್ಕವೆಲ್ಲ ಆಟೋದವನಿಗೇ ಹೋಯಿತು. ಹೊಲದ ಲೆಕ್ಕವನ್ನು ಜೀವಮಾನ ಪೂರ್ತಿ ಮಾಡಿದವರ ಲೆಕ್ಕ ಅದು, ಎದುರಾಡುವಂತಿಲ್ಲ.

ಆಮೇಲೆ ಸುತ್ತ ಕಣ್ಣಾಡಿಸಿದರೆ ಊರ ತುಂಬ ಇಂಥ ಅಪ್ಪಂದಿರೇ. ಆಳಂದ ಚೆಕ್‌ಪೋಸ್ಟಿನ ಆಚೆ ಮನೆ ಕಟ್ಟಿದವರಲ್ಲಿ ನರೋಣಾ, ನಿಂಬರ್ಗಾ, ಮಾದನ ಹಿಪ್ಪರಗಾದ ಮಾತು ಕೇಳುತ್ತದೆ. ಜೇವರ್ಗಿ ರೋಡಿಗೆ ನೆಲೋಗಿ, ಯಡ್ರಾಮಿ, ಆಂದೋಲಾ. ನಗರ ಬೆಳೆದು ಹಳ್ಳಿಗಳನ್ನು ನುಂಗುತ್ತಿದೆ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಾರೆ. ನನಗೆ ಕಾಣುವುದು ಬೇರೆ. ಆಳಂದದವರು, ಅಫಜಲಪುರದವರು, ಜೇವರ್ಗಿಯವರು ತಂತಮ್ಮ ದಾರಿ ಹಿಡಿದು ಬಂದು, ಪಟ್ಟಣದ ಬಾಗಿಲಲ್ಲೇ, ಮುಖ ಊರ ಕಡೆ ಮಾಡಿಕೊಂಡು ಕುಳಿತಿದ್ದಾರೆ. ಒಳಗೆ ಹೋಗುವ ಆಸೆಯೂ ಅವರಿಗಿಲ್ಲ. ಸೂಪರ್ ಮಾರ್ಕೆಟ್ಟಿನ ಗದ್ದಲ ಕಂಡರೆ ಅವರಿಗೆ ತಲೆನೋವು.

ಬಂದದ್ದೇಕೆ ಎಂದರೆ ಉತ್ತರ ಒಂದೇ: ‘ಹುಡುಗುರ ಸಾಲಿ ಸಲುವಾಗಿ’. ತಾಯಿ ಮಕ್ಕಳು ಇಲ್ಲಿ, ತಂದೆ ಹೊಲದ ಹತ್ತಿರ ಅಲ್ಲಿ. ಆಗಿನ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ಕಲಮು ಬಂದ ಮೇಲೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ಸರ್ಕಾರಿ ನೌಕರಿಯ ಆಸೆ ಗಟ್ಟಿಯಾಯಿತು. ಪಿಯುಸಿಗೆ ಮಗ ಕಲಬುರಗಿಯಲ್ಲಿರಬೇಕು ಎಂಬುದು ತೊಗರಿ ಬಿತ್ತುವಷ್ಟೇ ಸಹಜವಾಯಿತು. 2008ರಲ್ಲಿ ಹೈಕೋರ್ಟಿನ ಪೀಠ ಬಂತು, ಅದರ ಬೆನ್ನಿಗೆ ವಕೀಲರು ಬಂದರು, ವಕೀಲರ ಬೆನ್ನಿಗೆ ಕಕ್ಷಿದಾರರು. 2001ರ ಜನಗಣತಿಯಲ್ಲಿ ನಾಲ್ಕು ಲಕ್ಷ ಚಿಲ್ಲರೆ ಇದ್ದ ನಗರ 2011ಕ್ಕೆ ಐದು ಲಕ್ಷ ದಾಟಿತ್ತು. ಆಮೇಲಿನದನ್ನು ಎಣಿಸಿದವರಿಲ್ಲ, ಎಣಿಸುವ ಆಸೆಯಿದ್ದವರು ಬೆಳಿಗ್ಗೆ ಏಳಕ್ಕೆ ರಿಂಗ್ ರೋಡಿಗೆ ಬಂದು ಸಾಲಿ ವ್ಯಾನುಗಳನ್ನು ನೋಡಬಹುದು.

ಹಾಗೆ ನೋಡಿದರೆ ಈ ಬರುವಿಕೆ ಹೊಸದಲ್ಲ. ಈ ಊರಿನವರು ‘ಅಪ್ಪ’ ಎಂದು ಕರೆಯುವ ಶರಣಬಸಪ್ಪನವರು ಜೇವರ್ಗಿ ಕಡೆಯ ಅರಳಗುಂಡಗಿಯವರು. ಅಲ್ಲಿಂದ ಬಂದು ಇಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಅವರ ಗುಡಿ, ಪಕ್ಕದ ಕೆರೆ, ಸುತ್ತಲಿನ ಬ್ರಹ್ಮಪುರ ಇವೆಲ್ಲ ಈಗ ನಗರದ ನಟ್ಟನಡುವೆ ಇವೆ. ಕಲಬುರಗಿಯಲ್ಲಿ ಯಾವುದನ್ನೇ ಹೊರವಲಯ ಎಂದು ಕರೆಯುವಾಗ ಸ್ವಲ್ಪ ತಡೆದು ಕರೆಯುವುದು ಒಳ್ಳೆಯದು.

ಹೊಲ ಪ್ಲಾಟಾಗುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ರಸ್ತೆ, ಉದ್ಯಾನ, ದೇವರ ಗುಡಿ ಎಂದು ಬಿಟ್ಟು ಉಳಿದದ್ದರಲ್ಲಿ 30–40ರ ಅಳತೆಯ ಇಪ್ಪತ್ತು ಪ್ಲಾಟ್ ಹೊರಡುತ್ತವೆ. ನಿನ್ನೆಯ ತನಕ ‘ಬಾವಿ ಹೊಲ’, ‘ಬೇವಿನಗಿಡದ ಹೊಲ’ ಎನ್ನಿಸಿಕೊಂಡದ್ದಕ್ಕೆ ಬಿಳಿ ಕಲ್ಲು ನೆಟ್ಟ ಮರುದಿನ ಹೊಸ ಹೆಸರು ಬರುತ್ತದೆ. ಅರ್ಧಕ್ಕರ್ಧ ಶರಣರ ಹೆಸರು, ಅದು ನ್ಯಾಯ. ಉಳಿದವಕ್ಕೆ ‘ವ್ಯಾಲಿ’, ‘ಹಿಲ್ಸ್’. ಮಳೆ ನೀರು ಯಾವ ಕಡೆ ಹರಿಯಬೇಕೆಂದು ತಿಳಿಯದೆ ನಿಂತೇ ಇರುವಷ್ಟು ಮಟ್ಟಸವಾದ ನಮ್ಮ ನೆಲದಲ್ಲಿ ಕಣಿವೆಯನ್ನೂ ಗುಡ್ಡವನ್ನೂ ಕಂಡವನ ಕಣ್ಣಿಗೆ ನಮಸ್ಕಾರ. ಏಜೆಂಟರ ಬಾಯಲ್ಲಿ ಎರಡೇ ಮಂತ್ರ: ‘ಎನ್.ಎ. ಆಗ್ಯಾದರಿ’, ‘ಮುಂದ ಡಬಲ್ ಆಗ್ತದರಿ’. ಮೊದಲನೆಯದಕ್ಕೆ, ಅಂದರೆ ಹೊಲವನ್ನು ಬೇಸಾಯೇತರ ಮಾಡಿಸಿದ್ದಕ್ಕೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಆಧಾರವಿದೆ, ಕಾಗದ ತೋರಿಸಿ ಅನ್ನಬಹುದು. ಎರಡನೆಯದಕ್ಕೆ ಕಾಗದ ಇಲ್ಲ, ಆದರೆ ಜನ ಕೊಳ್ಳುವುದು ಅದನ್ನು ನಂಬಿಯೇ.

ಮನೆ ಏಳುವಾಗ ನೆಲ ತನ್ನ ಮಾತು ಹೇಳುತ್ತದೆ. ಇದು ಎರೆಭೂಮಿ. ಇದೇ ಮಣ್ಣಿನಿಂದ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ ಸಿಕ್ಕಿತು, ಇದೇ ಮಣ್ಣು ಗೋಡೆಯನ್ನು ಸೀಳುತ್ತದೆ. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ತೂರುವಷ್ಟು ಬಿರಿಯುತ್ತದೆ. ತೊಗರಿಯ ಬೇರು ಆ ಬಿರುಕಿನಲ್ಲೇ ಆಳಕ್ಕೆ ಇಳಿದು ತೇವ ಹುಡುಕಿಕೊಳ್ಳುತ್ತದೆ. ಮನೆಯ ಪಾಯಕ್ಕೆ ಆ ಜಾಣತನ ಇಲ್ಲ. ಎರೆಯನ್ನು ಪೂರ್ತಿ ಅಗೆದು ಗಟ್ಟಿ ನೆಲ ಮುಟ್ಟಬೇಕು, ಇಲ್ಲವೇ ಮುರುಮು ತುಂಬಿ ಕುಟ್ಟಬೇಕು. ರೊಕ್ಕ ಮುಗಿದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಹಾಗಾಗಿ ನಮ್ಮ ಓಣಿಯಲ್ಲಿ ಗೃಹಪ್ರವೇಶದ ತೋರಣ ಒಣಗುವುದಕ್ಕೂ ಅಡುಗೆಮನೆಯ ಗೋಡೆ ಸೀಳುವುದಕ್ಕೂ ಬಹಳ ಅಂತರವಿರುವುದಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿಗೆ ಜಿಗಿ ಸಾಲದಿದ್ದರೆ ಹೀಗೇ ಆಗುತ್ತದೆ: ಹಿಗ್ಗಿಸಿದಷ್ಟೂ ಅಂಚು ಬಿರಿಯುತ್ತದೆ. ಆಯಿಯ ಕಾಲದ ಮಾಳಿಗೆ ಮನೆಗೆ ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣು. ಬಿರಿದರೆ ಶ್ರಾವಣದ ಮೊದಲು ಮೆತ್ತಿ ಮುಚ್ಚುತ್ತಿದ್ದರು, ಯಾರೂ ಎಂಜಿನಿಯರನನ್ನು ಬೈಯುತ್ತಿರಲಿಲ್ಲ.

ಜೇವರ್ಗಿ ದಾರಿಯಲ್ಲಿ ಹೋಗುವವರಿಗೆ ನಾನು ಒಂದು ಜಾಗ ನೋಡಿ ಬನ್ನಿ ಎಂದು ಹೇಳುವುದುಂಟು. ಫರಹತಾಬಾದ್ ದಾಟಿ, ಭೀಮೆಯ ದಂಡೆಗೆ ತಿರುಗಿದರೆ ಫಿರೋಜಾಬಾದ್. 1397ರಿಂದ 1422ರ ತನಕ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ, ಕಲಬುರಗಿಯ ಕೋಟೆ ಸಾಲದೆಂದು ಇಲ್ಲಿ ಹೊಸ ಊರನ್ನೇ ಕಟ್ಟಿಸಿದ. ಪಡುವಣಕ್ಕೆ ನದಿಯೇ ಗೋಡೆ, ಉಳಿದ ಮೂರು ಕಡೆ ಕಲ್ಲಿನ ಕೋಟೆ, ದೊಡ್ಡ ದರವಾಜಗಳು, ಒಳಗೆ ಜಾಮಿ ಮಸೀದಿ, ಅರಮನೆ, ಹಮಾಮು. ಪ್ಲಾಟ್ ಮಾರುವ ನಮ್ಮ ಏಜೆಂಟ್ ಆಗ ಇದ್ದಿದ್ದರೆ ‘ರಿವರ್ ವ್ಯೂ’ ಎಂದು ಬೋರ್ಡು ಹಾಕಿಸುತ್ತಿದ್ದ, ಸುಳ್ಳೂ ಆಗುತ್ತಿರಲಿಲ್ಲ. ಫಿರೋಜನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಹೊಸ ಊರು ಹಳೆಯದಾಗುವ ಮೊದಲೇ ಹಾಳುಬಿತ್ತು. ಈಗ ಕೋಟೆಯೊಳಗೆ ಹೊಲಗಳಿವೆ. ನಮ್ಮಲ್ಲಿ ಹೊಲ ಪ್ಲಾಟಾಗುವುದನ್ನು ನೋಡಿ ಬೇಸರಗೊಂಡವರು ಇಲ್ಲಿ ಅರಮನೆ ಹೊಲವಾದದ್ದನ್ನು ನೋಡಬಹುದು. ನನಗಂತೂ ಸಮಾಧಾನಕ್ಕಿಂತ ಹೆಚ್ಚಾಗಿ ನಗು ಬಂತು. ಫಿರೋಜಾಬಾದಿನ ಪಕ್ಕದ ಹೊನ್ನಕಿರಣಗಿಯ ಕಡೆ ಈಗ ಕೇಂದ್ರ ಸರ್ಕಾರದ ಜವಳಿ ಪಾರ್ಕಿನ ಮಾತಿದೆ, 2023ರಲ್ಲಿ ಕಲಬುರಗಿಯ ಹೆಸರು ಪಟ್ಟಿಗೆ ಬಂತು. ಬೋರ್ಡುಗಳು ಆಗಲೇ ಅತ್ತ ನಡೆದಿವೆ.

ಇನ್ನೊಂದು ತಮಾಷೆ ಆಳಂದ ದಾರಿಯಲ್ಲಿದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ಮುಂಜಾನೆ ಆಳಂದದ ಹುಡುಗರು ಕಲಬುರಗಿಯ ಕಾಲೇಜುಗಳಿಗೆ ಬರುವ ಹೊತ್ತಿಗೆ ಕಲಬುರಗಿಯ ಮೇಷ್ಟ್ರುಗಳು ಕಡಗಂಚಿಗೆ ಹೊರಡುತ್ತಾರೆ. ಎರಡು ಬಸ್ಸುಗಳು ಎದುರುಬದುರಾದಾಗ ಒಂದು ಕಡೆಯವರಾದರೂ ಇಳಿದು, ‘ಯಾಕ್ರಿ ಇಷ್ಟು ತ್ರಾಸು, ಅದಲುಬದಲು ಮಾಡ್ಕೊಳ್ಳೋಣು’ ಅನ್ನಬಾರದೇ! ಹೆದ್ದಾರಿ ನೇರವಾದಷ್ಟೂ ಜನ ಹೀಗೇ ಓಡಾಡುತ್ತಾರೆ. ಅಂದಹಾಗೆ ಆಳಂದ, ಜೇವರ್ಗಿಯಂಥ ತಾಲೂಕು ಊರುಗಳಲ್ಲೂ ಪ್ಲಾಟಿನ ಕಲ್ಲು ನೆಟ್ಟಾಗಿದೆ. ಎಲ್ಲಕ್ಕಿಂತ ಹೆಚ್ಚು ದರ ಇರುವುದು ಎಲ್ಲಿ ಎಂದರೆ, ಅಲ್ಲಿಯ ಕಲಬುರಗಿ ರೋಡಿಗೆ.

ಪ್ಲಾಟ್ ಕೊಳ್ಳಲಾಗದವರು ಇನ್ನೂ ದೂರ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಹಳ್ಳಿ, ತಾಂಡಾಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗಂಟು ಕಟ್ಟಿದವರು ಅಲ್ಲಿಯ ಹೊರವಲಯಗಳಲ್ಲಿ ಎದ್ದು ನಿಲ್ಲುವ ಕಟ್ಟಡಗಳಿಗೆ ಬುಟ್ಟಿ ಹೊರುತ್ತಾರೆ, ಕಟ್ಟಡದ ಬುಡದಲ್ಲೇ ಪತ್ರಾದ ಜೋಪಡಿ ಹಾಕಿಕೊಳ್ಳುತ್ತಾರೆ. ದುಡಿದದ್ದರಲ್ಲಿ ಉಳಿಸಿ ಹಿಂದಿರುಗಿದವನೊಬ್ಬ ನಮ್ಮ ಓಣಿಯಲ್ಲೇ ಮನೆ ಕಟ್ಟಿದ. ಅವನ ಮನೆಯ ಗೋಡೆ ಮಾತ್ರ ಇನ್ನೂ ಬಿರಿದಿಲ್ಲ. ಪಾಯವನ್ನು ತಾನೇ ನಿಂತು ತೋಡಿಸಿದ್ದ.

ಎಳ್ಳ ಅಮಾಸಿ ದಿನ ನಮ್ಮ ಓಣಿ ಬಿಕೋ ಅನ್ನುತ್ತದೆ. ಸಜ್ಜಿ ರೊಟ್ಟಿ, ಬಜ್ಜಿ ಪಲ್ಯ, ಕಡಬು ಕಟ್ಟಿಕೊಂಡು ಎಲ್ಲರೂ ಚರಗ ಚೆಲ್ಲಲು ತಂತಮ್ಮ ಹೊಲಕ್ಕೆ. ಅದು ಸರಿಯೇ. ಆದರೆ ಚುನಾವಣೆಯ ದಿನವೂ ಹೀಗೇ ಬಿಕೋ ಅನ್ನುತ್ತದಲ್ಲ, ನಮ್ಮ ಗಟಾರದ ಕಥೆ ಅಲ್ಲಿದೆ. ರೇಶನ್ ಕಾರ್ಡು ಊರಲ್ಲಿ, ಪಹಣಿ ಊರಲ್ಲಿ, ಓಟು ಊರಲ್ಲಿ. ಓಟಿಲ್ಲದ ಓಣಿಗೆ ಕೈಮುಗಿಯಲು ಬರುವವರು ಯಾರು? ಅರ್ಧ ಬಡಾವಣೆ ಪಾಲಿಕೆಯೋ ಪಂಚಾಯಿತಿಯೋ ತೀರ್ಮಾನವಾಗದೆ ನಡುವೆ ನಿಂತಿರುತ್ತದೆ, ಕಸದ ಗಾಡಿ ಒಂದು ಕಂಬದ ತನಕ ಬಂದು ತಿರುಗುತ್ತದೆ. ಓಟು ಇಲ್ಲಿಗೆ ತಂದುಕೊಳ್ಳಿ ಎಂದು ಪಕ್ಕದ ಮನೆಯ ಕಾಕಾನಿಗೆ ಹೇಳಿದೆ. ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

‘ತಮ್ಮಾ, ನಮ್ಮ ಸಣ್ಣವ ಪಂಚಾಯ್ತಿಗಿ ನಿಂದ್ರಲತ್ತಾನ. ಮನಿ ಓಟು ಹ್ವಾದ್ರ ಅಂವ ಹ್ಯಾಂಗ ಆರಿಸಿ ಬರ್ತಾನ?’

‘ಹಂಗಾದ್ರ ಗಟಾರ, ಕಾಕಾ?’

‘ನಿಂದು ಓಟು ಇಲ್ಲೇ ಅದ ಅಲ್ಲಾ. ನೀ ಒಂದು ಅರ್ಜಿ ಬರಿ. ನಾವೆಲ್ಲಾ ಸಹಿ ಹಾಕ್ತೀವಿ.’

ಬರೆದೆ. ಕಾಕಾ ಮನೆಮನೆ ತಿರುಗಿ ಸಹಿ ಮಾಡಿಸಿ ತಂದರು, ಯಾರೂ ಇಲ್ಲ ಎನ್ನಲಿಲ್ಲ. ಸಹಿಯ ಮುಂದೆ ಪೂರ್ಣ ವಿಳಾಸ ಎಂದು ನಾನೇ ಗೆರೆ ಎಳೆದಿದ್ದೆ. ಆಫೀಸಿನಲ್ಲಿ ಗುಮಾಸ್ತರು ಕನ್ನಡಕ ಏರಿಸಿ ಒಂದೊಂದಾಗಿ ಓದಿದರು: ಮು. ನೆಲೋಗಿ, ತಾ. ಜೇವರ್ಗಿ. ಮು. ನರೋಣಾ, ತಾ. ಆಳಂದ. ಮು. ಮಣ್ಣೂರ, ತಾ. ಅಫಜಲಪುರ. ಹಾಳೆ ಮಗುಚಿ ನೋಡಿದರು, ಹಿಂದೆಯೂ ಅದೇ.

‘ಸರ, ಅರ್ಜಿ ಛಲೋ ಬರದೀರಿ’ ಎಂದರು. ‘ಆದ್ರ ಈ ಗಟಾರ ಯಾ ತಾಲೂಕಿನಾಗ ಬರ್ತದರಿ?’