ಡಿಕ್ಸ್ ಹಿಲ್ಸ್‌ನ ಮಹಡಿ ಕೋಣೆ

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಲಾಂಗ್ ಐಲೆಂಡ್‌ನಲ್ಲಿರುವ ಊರು ಡಿಕ್ಸ್ ಹಿಲ್ಸ್. ಮರಗಳ ನಡುವೆ ಒಂದು ಸಾಧಾರಣ ಇಟ್ಟಿಗೆ ಮನೆ. ನಾವು ಹೋದ ದಿನ ಒಳಗೆ ಬಿಡುವವರಿರಲಿಲ್ಲ. ರಸ್ತೆಯಲ್ಲೇ ನಿಂತು ನೋಡಿದೆವು. 'ಇದಕ್ಕಾಗಿ ಇಷ್ಟು ದೂರ ಬಂದೆವಾ ಅಪ್ಪ?' ಎಂದ ಮಗ.

ಈ ಮನೆಯ ಮಹಡಿ ಕೋಣೆಯಲ್ಲಿ 1964ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಕೆಲವು ದಿನ ಏಕಾಂತದಲ್ಲಿದ್ದು 'ಎ ಲವ್ ಸುಪ್ರೀಮ್' ಎಂಬ ಜಾಝ್ ಕೃತಿಯನ್ನು ರೂಪಿಸಿದರು. ಮಾದಕ ವಸ್ತು, ಕುಡಿತಗಳಿಂದ ಬಿಡಿಸಿಕೊಂಡ 1957ರಲ್ಲಿ ದೈವಕೃಪೆಯ ಅನುಭವವಾಯಿತೆಂದು ಅವರು ನಂಬಿದ್ದರು. ಆ ಋಣಕ್ಕೆ ಸಲ್ಲಿಸಿದ ಕಾಣಿಕೆ ಇದು. ಡಿಸೆಂಬರ್ 9ರಂದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ, ಪ್ರಾರ್ಥನಾ ಮಂದಿರದಂಥ ಎತ್ತರದ ಮರದ ಚಾವಣಿಯ ಕೆಳಗೆ, ಧ್ವನಿಮುದ್ರಣ ನಡೆಯಿತು. ಪಿಯಾನೋಗೆ ಮೆಕಾಯ್ ಟೈನರ್, ಬಾಸ್‌ಗೆ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್. ಕೃತಿಗೆ ನಾಲ್ಕು ಭಾಗ. ಕೊನೆಯದರಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯನ್ನು ಹಾಡುವುದಿಲ್ಲ, ಒಂದೊಂದೇ ಪದವಾಗಿ ನುಡಿಸುತ್ತಾರೆ. ನಮ್ಮ ನಾಗಸ್ವರದವರು ಕೀರ್ತನೆಯ ಸಾಹಿತ್ಯವನ್ನು ಊದಿದಂತೆ.

ಇಷ್ಟು ಹೊಂದಿಕೊಂಡ ತಂಡ ಮರುವರ್ಷವೇ ಸಡಿಲವಾಯಿತು. ಕೋಲ್ಟ್ರೇನ್‌ರ ಹುಡುಕಾಟ ನಿಲ್ಲಲಿಲ್ಲ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಫೇರೋ ಸ್ಯಾಂಡರ್ಸ್ ಬಂದರು, ಎರಡನೇ ಡ್ರಮ್ಸ್ ವಾದಕರಾಗಿ ರಶೀದ್ ಅಲಿ ಬಂದರು. ತಮ್ಮ ಪಿಯಾನೋ ತಮಗೇ ಕೇಳದಾಗಿ 1965ರ ಕೊನೆಗೆ ಟೈನರ್ ಹೊರನಡೆದರು. 1966ರ ಆರಂಭದಲ್ಲಿ ಜೋನ್ಸ್ ಕೂಡ ಹೋದರು. ಗ್ಯಾರಿಸನ್ ಉಳಿದರು. ಪಿಯಾನೋ ಮುಂದೆ ಪತ್ನಿ ಆಲಿಸ್ ಕುಳಿತರು. 1967ರ ಜುಲೈ 17ರಂದು, 40ನೇ ವಯಸ್ಸಿನಲ್ಲಿ, ಕೋಲ್ಟ್ರೇನ್ ತೀರಿಕೊಂಡರು.

ಮಗನಿಗೆ ಹೇಳದ ಮಾತೊಂದಿತ್ತು. ನಮ್ಮೂರ ಭಜನಾ ಮಂಡಳಿಯಲ್ಲಿ ನಾನು ಹಾರ್ಮೋನಿಯಂ ನುಡಿಸುತ್ತಿದ್ದೆ. ಹಿರಿಯರು ತಬಲಾದ ಜೊತೆಗೆ ಡೋಲಕ್ ಸೇರಿಸಿದಾಗ ನನ್ನ ಸ್ವರ ನನಗೇ ಕೇಳಲಿಲ್ಲ. ಸಿಟ್ಟಿನಿಂದ ಎದ್ದುಬಂದವನು ಹನ್ನೆರಡು ವರ್ಷ ಆ ಕಡೆ ತಲೆಹಾಕಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಶಬ್ದದ ಪಾಠ ಮಾಡುವ ನನಗೆ, ನನ್ನ ಮಾತೇ ಸರಿ ಎನ್ನುವುದಕ್ಕೆ ಕಾರಣಗಳೂ ಇದ್ದವು.

ಟೈನರ್‌ಗೂ ಇದ್ದವು. ಆದರೆ ಅವರು 1972ರಲ್ಲಿ ಒಬ್ಬರೇ ಪಿಯಾನೋ ಮುಂದೆ ಕುಳಿತು ಅಗಲಿದ ಗೆಳೆಯನ ನೆನಪಿಗೆ ಒಂದು ಇಡೀ ರೆಕಾರ್ಡ್ ನುಡಿಸಿದರು. ತಂಡ ಬಿಟ್ಟರೂ ನಂಟು ಬಿಟ್ಟಿರಲಿಲ್ಲ.

ಈ ಮನೆಯನ್ನು ಕೆಡವಲು ಹೊರಟಾಗ ಅಭಿಮಾನಿಗಳು ತಡೆದರು. 2005ರಲ್ಲಿ ಹಂಟಿಂಗ್ಟನ್ ಪಟ್ಟಣಾಡಳಿತ ಅದನ್ನು ಕೊಂಡು ಉಳಿಸಿತು.

ಊರಿಗೆ ಮರಳಿದ ಶನಿವಾರ ಭಜನೆಗೆ ಹೋದೆ. ಹಾರ್ಮೋನಿಯಂ ಮುಂದೆ ನನ್ನ ಹಳೆಯ ವಿದ್ಯಾರ್ಥಿನಿ ಕುಳಿತಿದ್ದಳು. 'ಬನ್ನಿ ಸಾರ್' ಎಂದು ಏಳಹೊರಟಳು. 'ಕೂತ್ಕೋಮ್ಮ' ಎಂದು ನಾನು ತಾಳ ಕೈಗೆತ್ತಿಕೊಂಡೆ.